ನೀಲಿ ಬಾನಿಗೆ ಕೈ ಅದ್ದುವ ಮುನ್ನ

ಜಪಾನಿನ ಶಿಕೊಕು ದ್ವೀಪದ ತೊಕುಶಿಮಾದಲ್ಲಿ ನೀಲಿ ಬಣ್ಣ ಹಾಕುವ ಮನೆಯೊಳಗೆ ಕಾಲಿಟ್ಟವರ ಮೂಗಿಗೆ ಮೊದಲು ಬಡಿಯುವುದು ವಾಸನೆ. ದನದ ಕೊಟ್ಟಿಗೆಯ ಗಂಜಳ, ಹುಳಿ ಬಂದ ಹಿಟ್ಟು, ಒಲೆಯ ಬೂದಿ ಮೂರೂ ಬೆರೆತಂಥ ಘಾಟು. ನೆಲದೊಳಗೆ ಕತ್ತಿನವರೆಗೆ ಹೂತ ಬಾನಿಗಳ ಸಾಲು, ಅವುಗಳ ಮೇಲೆ ಮರದ ಮುಚ್ಚಳ. ಮುಚ್ಚಳ ಸರಿಸಿದರೆ ತಾಮ್ರದ ಹೊಳಪಿನ ನೇರಳೆ ನೊರೆ ಕಾಣುತ್ತದೆ. ಅಲ್ಲಿಯವರು ಅದಕ್ಕೆ ‘ಐ ನೊ ಹಾನಾ’, ಅಂದರೆ ನೀಲಿಯ ಹೂವು ಅನ್ನುತ್ತಾರೆ. ಅದ್ದಿದ ಬಟ್ಟೆ ಹೊರಗೆ ಬರುವಾಗ ಹಸಿರಾಗಿರುತ್ತದೆ. ಹಿಂಡಿ ಗಾಳಿಗೆ ಕೊಡವಿದಂತೆ ಕಣ್ಣೆದುರೇ ನೀಲಿಗೆ ತಿರುಗುತ್ತದೆ.

ಆ ಬಾನಿಯಲ್ಲಿರುವುದು ದೋಸೆ ಹಿಟ್ಟಿನಂತೆ ಹುದುಗು ಬರುವ ವಸ್ತು. ಕೊಳೆಸಿದ ನೀಲಿ ಎಲೆ, ಮರದ ಬೂದಿಯ ತಿಳಿನೀರು, ಸುಣ್ಣ, ಗೋಧಿ ಬೂಸಾ, ಒಂದಿಷ್ಟು ಅಕ್ಕಿಯ ಮದ್ಯ ಸೇರಿಸಿ ಅದನ್ನು ಎಬ್ಬಿಸುತ್ತಾರೆ. ಅದರಲ್ಲಿ ಬದುಕುವ ಸೂಕ್ಷ್ಮಜೀವಿಗಳು ಬಣ್ಣವನ್ನು ನೀರಿಗೆ ಬಿಡಿಸಿಕೊಡುತ್ತವೆ. ದಿನವೂ ಕದಡಬೇಕು, ಬೆಚ್ಚಗಿಡಬೇಕು, ಆಗಾಗ ಬೂಸಾ ಉಣ್ಣಿಸಬೇಕು. ಒಂದೇ ದಿನ ಹೆಚ್ಚು ಬಟ್ಟೆ ಅದ್ದಿದರೆ ಬಾನಿ ದಣಿಯುತ್ತದೆ, ಆಮೇಲೆ ಅದಕ್ಕೆ ವಿಶ್ರಾಂತಿ ಕೊಡಬೇಕಾಗುತ್ತದೆ. ಅದರ ಬಾಯಿಗೆ ಒಮ್ಮೆಗೆ ಬಗ್ಗಲು ಆಗುವುದು ಒಬ್ಬರಿಗೆ, ಹೆಚ್ಚೆಂದರೆ ಇಬ್ಬರಿಗೆ. ನಲವತ್ತು ಜನರ ಬಸ್ಸು ಬಂದು ನಿಂತರೆ ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ಕರವಸ್ತ್ರ, ಎರಡು ಮುಳುಗು, ಒಂದು ಫೋಟೊ.

ಸಣ್ಣ ಗುಂಪಿನ ಲೆಕ್ಕ ಹುಟ್ಟುವುದು ಈ ಬಾನಿಯ ಬಾಯಿಯಿಂದಲೇ. ನೇಯ್ಗೆ, ಬಣ್ಣ, ಸೂಜಿಕೆಲಸ ಕಲಿಯಲೆಂದು ಜಪಾನಿಗೆ ಹೊರಡುವ ತಂಡಗಳಲ್ಲಿ ಆರರಿಂದ ಹನ್ನೆರಡು ಜನ ಇದ್ದರೆ ಹದ. ಇಂಥ ತಂಡಗಳನ್ನು ಕೆಲವೆಡೆ ಜವಳಿ ಕಲಾವಿದರೇ ಕಟ್ಟುತ್ತಾರೆ, ಕೆಲವೆಡೆ ಪ್ರವಾಸ ಸಂಸ್ಥೆಗಳು. ಇನ್ನು ಕೆಲವರು ನೇರವಾಗಿ ಅಲ್ಲಿನ ಶಾಲೆಗೇ ಹೋಗಿ ಸೇರುತ್ತಾರೆ. ಕಸೂತಿಯೋ ಕೈಮಗ್ಗವೋ ಗೊತ್ತಿರುವ ಎಂಟು ಗೆಳತಿಯರು ತಾವೇ ಒಂದು ತಂಡ ಕಟ್ಟಿಕೊಂಡು, ದುಭಾಷಿಯೊಬ್ಬರನ್ನು ಗೊತ್ತುಮಾಡಿ ಹೋಗುವುದೂ ಸಾಧ್ಯ. ಯಾವ ದಾರಿ ಹಿಡಿದರೂ ಮೊದಲು ತೀರ್ಮಾನವಾಗಬೇಕಾದದ್ದು ಏನು ಕಲಿಯಬೇಕು ಎಂಬುದು. ಊರುಗಳ ಪಟ್ಟಿ ಆಮೇಲಿನ ಮಾತು. ಹತ್ತು ದಿನಕ್ಕೆ ಏಳು ಊರು, ಒಂಬತ್ತು ಕಸುಬು ಎಂದು ಹೇಳುವ ಪ್ರವಾಸ ಬಸ್ಸಿನ ಕಿಟಕಿಯನ್ನಷ್ಟೇ ಚೆನ್ನಾಗಿ ತೋರಿಸುತ್ತದೆ.

ಎಲೆ ಕೊಳೆಯುವ ನೂರು ದಿನ

ತೊಕುಶಿಮಾದ ಹಳೆಯ ಹೆಸರು ಅವಾ. ಯೊಶಿನೊ ನದಿ ವರ್ಷವರ್ಷ ಉಕ್ಕಿ ಹೊಸ ಮಣ್ಣು ಹಾಸುತ್ತಿದ್ದ ಬಯಲಲ್ಲಿ ನೀಲಿ ಗಿಡ ಹುಲುಸಾಗಿ ಬರುತ್ತಿತ್ತು. ಭತ್ತ ಕೊಯ್ಲಿಗೆ ಬರುವ ಮೊದಲೇ ನೆರೆ ಬರುವ ಜಾಗಕ್ಕೆ ಅದು ಹೇಳಿ ಮಾಡಿಸಿದ ಬೆಳೆ. ಇದು ನಮ್ಮ ಕಡೆಯ ನೀಲಿ ಗಿಡವಲ್ಲ, ಬೇರೆಯೇ ಜಾತಿ. ನಮ್ಮಲ್ಲಿ ಹಸಿ ಸೊಪ್ಪನ್ನು ತೊಟ್ಟಿಯಲ್ಲಿ ನೆನೆಸಿ, ಬಡಿದು, ತಳಕ್ಕೆ ಇಳಿದ ಬಣ್ಣವನ್ನು ಬಿಲ್ಲೆ ಕಟ್ಟುತ್ತಿದ್ದರೆ ಅಲ್ಲಿ ಒಣಗಿದ ಎಲೆಯನ್ನು ಗೊಬ್ಬರದ ಹಾಗೆ ಕೊಳೆಸುತ್ತಾರೆ.

ಮಾರ್ಚ್‌ನಲ್ಲಿ ಬಿತ್ತನೆ, ಬೇಸಿಗೆಯಲ್ಲಿ ಕೊಯ್ಲು. ಸೆಪ್ಟೆಂಬರ್ ಹೊತ್ತಿಗೆ ಒಣಗಿದ ಎಲೆ ರಾಶಿ ಬೀಳುತ್ತದೆ. ನೀರು ಚಿಮುಕಿಸುವುದು, ನಾಲ್ಕೈದು ದಿನಕ್ಕೊಮ್ಮೆ ರಾಶಿಯನ್ನು ಮೇಲೆ ಕೆಳಗೆ ಮಾಡುವುದು, ಚಳಿ ಹೆಚ್ಚಾದಂತೆ ಹುಲ್ಲಿನ ಚಾಪೆ ಹೊದಿಸುವುದು, ಹೀಗೆ ಸುಮಾರು ನೂರು ದಿನ ಸಾಗುತ್ತದೆ. ರಾಶಿಯ ಒಳಗಿನ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಹಬೆ ಕಣ್ಣಿಗೆ ಉರಿ ತರುತ್ತದೆ. ಯಾವತ್ತು ಎಷ್ಟು ನೀರು ಎಂದು ನೋಡಿ ಹೇಳುವುದಕ್ಕೇ ಹಿಂದೆ ಬೇರೊಬ್ಬ ಕಸುಬುದಾರನಿದ್ದ. ಡಿಸೆಂಬರ್ ಹೊತ್ತಿಗೆ ಸಿಗುವ ಕಪ್ಪು ಮಣ್ಣಿನಂಥ ವಸ್ತುವೇ ‘ಸುಕುಮೊ’. ಅದನ್ನು ಮಾಡುವ ಮನೆಗಳು ಇಂದು ತೊಕುಶಿಮಾದಲ್ಲಿ ಬೆರಳೆಣಿಕೆಯಷ್ಟು. ಈ ಕಸುಬಿಗೆ ಭಾರತದಿಂದ ಬಂದ ಅಗ್ಗದ ನೀಲಿ ಮೊದಲ ಪೆಟ್ಟು ಕೊಟ್ಟಿತು. 1897ರಲ್ಲಿ ಜರ್ಮನಿಯ ಬಿಎಎಸ್‌ಎಫ್ ಕಂಪನಿ ಮಾರುಕಟ್ಟೆಗೆ ಬಿಟ್ಟ ರಾಸಾಯನಿಕ ನೀಲಿ ಎರಡನೆಯದನ್ನು ಕೊಟ್ಟಿತು.

ಈ ಪಂಚಾಂಗ ಗೊತ್ತಿಲ್ಲದೆ ಏಪ್ರಿಲ್‌ನಲ್ಲಿ ಹೋದವರಿಗೆ ಸಣ್ಣ ಸಸಿ ಮಾತ್ರ ಕಾಣುತ್ತದೆ. ರಾಶಿ ತಿರುವುವುದನ್ನು ನೋಡಬೇಕೆಂದರೆ ಅಕ್ಟೋಬರ್, ನವೆಂಬರ್ ಸರಿಯಾದ ಕಾಲ. ಬಣ್ಣ ಅದ್ದುವುದನ್ನಷ್ಟೇ ಕಲಿಯುವವರಿಗೆ ವರ್ಷದ ಯಾವ ತಿಂಗಳೂ ಆದೀತು, ಆಗಸ್ಟ್ ನಡುಭಾಗವನ್ನು ಬಿಟ್ಟು. ಆಗಸ್ಟ್ 12ರಿಂದ 15ರವರೆಗೆ ‘ಅವಾ ಒದೊರಿ’ ಕುಣಿತದ ಹಬ್ಬ ನಡೆಯುವಾಗ ತೊಕುಶಿಮಾದಲ್ಲಿ ಕೋಣೆ ಸಿಗುವುದು ದುರ್ಲಭ.

ಕಲಿಕೆಗೆ ಆರಂಭದ ಜಾಗವಾಗಿ ಐಜುಮಿ ಪಟ್ಟಣದ ‘ಐ ನೊ ಯಕಾತಾ’ ಚೆನ್ನಾಗಿದೆ. ನೀಲಿ ವ್ಯಾಪಾರದಿಂದ ಸಿರಿವಂತರಾದ ಒಕುಮುರಾ ಮನೆತನದ ಹಳೆಯ ವಾಡೆ ಈಗ ವಸ್ತುಸಂಗ್ರಹಾಲಯವಾಗಿದೆ. ಅಲ್ಲೇ ಕರವಸ್ತ್ರ ಅದ್ದಿ ನೋಡಬಹುದು. ಪಕ್ಕದ ಕಮಿಇತಾ ಪಟ್ಟಣದ ‘ವಾಜಾ ನೊ ಯಕಾತಾ’ದಲ್ಲೂ ಬಣ್ಣದ ಬಾನಿಗಳಿವೆ. ಇವೆರಡೂ ಒಂದು ಗಂಟೆಯ ರುಚಿ ತೋರಿಸುವ ಜಾಗಗಳು. ಎರಡು ಮೂರು ದಿನ ಕೂತು ಕಲಿಯಬೇಕೆಂದರೆ ಖಾಸಗಿ ಬಣ್ಣದ ಮನೆಗಳೊಂದಿಗೆ ತಿಂಗಳುಗಟ್ಟಲೆ ಮೊದಲೇ ಮಾತಾಡಿರಬೇಕು. ಆಗ ಕೇಳಲೇಬೇಕಾದ ಪ್ರಶ್ನೆ ಒಂದಿದೆ: ಬಾನಿ ಸುಕುಮೊ ಮತ್ತು ಬೂದಿನೀರಿನಿಂದ ಹುದುಗಿಸಿದ್ದೋ, ರಾಸಾಯನಿಕ ಹಾಕಿ ಎಬ್ಬಿಸಿದ್ದೋ? ಎರಡರಲ್ಲೂ ಬಟ್ಟೆ ನೀಲಿಯಾಗುತ್ತದೆ. ಎರಡನೆಯದಕ್ಕೆ ಶಿಕೊಕುವಿನವರೆಗೆ ಹೋಗಬೇಕಾಗಿಲ್ಲ.

ಗಂಟಿನ ಬೀದಿ

ನಗೋಯಾ ನಗರದ ಅಂಚಿನಲ್ಲಿರುವ ಅರಿಮತ್ಸು ಒಂದೇ ಬೀದಿಯ ಊರು. ಮೆಯಿತೆತ್ಸು ರೈಲಿನಲ್ಲಿ ನಗೋಯಾ ನಿಲ್ದಾಣದಿಂದ ಅರ್ಧ ಗಂಟೆಯೊಳಗೆ ಸಿಗುತ್ತದೆ. 1608ರಲ್ಲಿ ಈ ಊರು ಹುಟ್ಟಿದಾಗ ಇಲ್ಲಿ ಬೇಸಾಯಕ್ಕೆ ತಕ್ಕ ಭೂಮಿ ಇರಲಿಲ್ಲ. ಇದ್ದದ್ದು ಎದೊ (ಇಂದಿನ ಟೋಕಿಯೊ) ಮತ್ತು ಕ್ಯೋಟೊಗಳನ್ನು ಜೋಡಿಸುವ ತೊಕಾಯ್ದೊ ಹೆದ್ದಾರಿ, ಅದರಲ್ಲಿ ನಡೆದುಹೋಗುವ ಸಾವಿರಾರು ಜನ. ನಗೋಯಾ ಕೋಟೆ ಕಟ್ಟಲು ಬಂದ ಬುಂಗೊ ಸೀಮೆಯ ಆಳುಗಳ ಮೈಮೇಲಿನ ಗಂಟುಬಣ್ಣದ ಬಟ್ಟೆ ನೋಡಿ ತಕೆದಾ ಶೊಕುರೊ ಎಂಬಾತ ಈ ಕಸುಬು ಶುರುಮಾಡಿದ ಎಂಬುದು ಊರಿನ ಕಥೆ. ದಾರಿಹೋಕರಿಗೆ ಬೆವರು ಒರೆಸುವ ಕೈವಸ್ತ್ರ ಮಾರುವುದರಿಂದ ವ್ಯಾಪಾರ ಕುದುರಿತು. ಚಿತ್ರಕಾರ ಹಿರೊಶಿಗೆ ತೊಕಾಯ್ದೊ ಹಾದಿಯ ತಂಗುದಾಣಗಳ ಚಿತ್ರಮಾಲೆಯಲ್ಲಿ ಇಲ್ಲಿಯ ಬಟ್ಟೆಯಂಗಡಿಗಳನ್ನೇ ಬರೆದಿದ್ದಾನೆ.

ಅದೇ ಮರದ ಜಾಲರಿ ಮುಂಭಾಗದ ಮನೆಗಳು ಈಗಲೂ ನಿಂತಿವೆ. ಜಪಾನ್ ಸರ್ಕಾರ 2016ರಲ್ಲಿ ಬೀದಿಯನ್ನೇ ಸಂರಕ್ಷಿತ ಪ್ರದೇಶವೆಂದು ಸೇರಿಸಿಕೊಂಡಿತು.

ಗಂಟುಬಣ್ಣಕ್ಕೆ ಜಪಾನಿನಲ್ಲಿ ‘ಶಿಬೊರಿ’ ಎನ್ನುತ್ತಾರೆ. ಹಿಂಡು, ಬಿಗಿ ಎಂಬ ಅರ್ಥದ ಕ್ರಿಯಾಪದದಿಂದ ಬಂದ ಮಾತು. ಬಟ್ಟೆಯ ಒಂದು ಚಿಟಿಕೆ ಎತ್ತಿ ದಾರ ಸುತ್ತಿ ಬಿಗಿದರೆ ಬಣ್ಣ ಅಲ್ಲಿಗೆ ಇಳಿಯುವುದಿಲ್ಲ. ಗುಜರಾತಿನ ಬಾಂಧನಿ ಬಲ್ಲವರಿಗೆ ತತ್ವ ಹೊಸದಲ್ಲ. ಆದರೆ ಅರಿಮತ್ಸುವಿನಲ್ಲಿ ಬಿಗಿಯುವ ಬಗೆಗಳೇ ನೂರರ ಆಸುಪಾಸು ಇವೆ. ಜಿಂಕೆ ಮರಿಯ ಮೈಮೇಲಿನ ಚುಕ್ಕೆಯಂತಿರುವುದು ‘ಕಾನೊಕೊ’, ಜೇಡರ ಬಲೆಯಂತೆ ಹರಡುವುದು ‘ಕುಮೊ’. ಕಂಬಕ್ಕೆ ಬಟ್ಟೆ ಸುತ್ತಿ ದಾರ ಬಿಗಿದು ನೂಕಿದಾಗ ಗಾಳಿಮಳೆಯಂತೆ ಓರೆಗೀರು ಮೂಡುವುದು ‘ಅರಾಶಿ’. ಒಬ್ಬೊಬ್ಬ ಹೆಂಗಸು ಒಂದೊಂದು ಬಗೆಯನ್ನೇ ಜೀವಮಾನವಿಡೀ ಕಟ್ಟುತ್ತಿದ್ದದ್ದು ಇಲ್ಲಿಯ ರೂಢಿ. ಇಂದು ಕಟ್ಟುವವರಲ್ಲಿ ಹೆಚ್ಚಿನವರು ವಯಸ್ಸಾದವರು. ಒಬ್ಬರು ಹೋದರೆ ಒಂದು ಬಗೆಯೇ ಹೋಗುವ ಭಯ ನಿಜವಾದದ್ದು.

ಬೀದಿಯಲ್ಲಿರುವ ಅರಿಮತ್ಸು-ನರುಮಿ ಶಿಬೊರಿ ಕಾಯ್‌ಕಾನ್‌ನಲ್ಲಿ ಕುಶಲಕರ್ಮಿ ಮಹಿಳೆಯರು ಕೂತು ಕಟ್ಟುವುದನ್ನು ಹತ್ತಿರದಿಂದ ನೋಡಬಹುದು. ಮೊದಲೇ ಹೆಸರು ಬರೆಸಿದರೆ ಕಲಿಸುತ್ತಾರೆ ಕೂಡ. ಇಲ್ಲಿ ಕಲಿಯುವವರಿಗೆ ಅನುಭವಿಗಳು ಹೇಳುವ ಕಿವಿಮಾತೆಂದರೆ ಕೈಗಿಂತ ಮೊದಲು ದಾರದ ಬಿಗಿತ ನೋಡಿಕೊಳ್ಳಬೇಕು ಎಂಬುದು. ಕಟ್ಟಲು ಇಡೀ ದಿನ ಹಿಡಿದ ಬಟ್ಟೆ ಬಣ್ಣದಲ್ಲಿರುವುದು ಕೆಲವೇ ನಿಮಿಷ, ಬಿಚ್ಚುವುದಕ್ಕೆ ಮತ್ತೆ ಅರ್ಧ ದಿನ. ಮೂರು ದಿನ ಸಿಕ್ಕರೆ ಹೊಸಬರೊಬ್ಬರು ಎರಡು ಮೂರು ಬಗೆಯನ್ನು ತಕ್ಕಮಟ್ಟಿಗೆ ಹಿಡಿಯಬಹುದು. ಜಪಾನಿನ ಜವಳಿ ಕಸುಬುಗಳಲ್ಲಿ ಮನೆಗೆ ಬಂದ ಮೇಲೂ ಅಡುಗೆಮನೆಯ ಪಾತ್ರೆ, ದಾರದ ಉಂಡೆ ಇಟ್ಟುಕೊಂಡು ಮುಂದುವರಿಸಬಹುದಾದದ್ದು ಇದೇ. ಮೊದಲ ಸಲ ಹೋಗುವವರಿಗೆ ಅರಿಮತ್ಸುವನ್ನೇ ಹೇಳಬೇಕು. ಜೂನ್ ಮೊದಲ ವಾರಾಂತ್ಯದ ಶಿಬೊರಿ ಹಬ್ಬಕ್ಕೆ ಹೋದರೆ ಬೀದಿ ತುಂಬ ಬಟ್ಟೆ ತೂಗುತ್ತಿರುತ್ತದೆ, ಜನರೂ ಅಷ್ಟೇ ತುಂಬಿರುತ್ತಾರೆ. ಕಲಿಯುವವರು ಹಬ್ಬ ಮುಗಿದ ಮೇಲೆ ಹೋಗುವುದು ವಾಸಿ.

ಕ್ಯೋಟೊದಲ್ಲಿ ನೋಡುವುದು ಹೆಚ್ಚು, ಮಾಡುವುದು ಕಡಿಮೆ

ಕ್ಯೋಟೊ ಎಂದರೆ ನಿಶಿಜಿನ್ ಜರತಾರಿ. 1467ರಿಂದ 1477ರವರೆಗೆ ನಡೆದ ಓನಿನ್ ಯುದ್ಧದಲ್ಲಿ ಪಶ್ಚಿಮದ ಸೇನೆ ಬೀಡುಬಿಟ್ಟಿದ್ದ ಜಾಗಕ್ಕೆ ಯುದ್ಧ ಮುಗಿದ ಮೇಲೆ ನೇಕಾರರು ಮರಳಿ ಬಂದು ನೆಲೆಸಿದರು. ನಿಶಿಜಿನ್ ಎಂದರೆ ಪಶ್ಚಿಮದ ಪಾಳೆಯ. ರಾಜಧಾನಿ ಟೋಕಿಯೊಗೆ ಹೋಗಿ ಗಿರಾಕಿಗಳು ಕರಗಿದಾಗ, 1872ರಲ್ಲಿ ಇಲ್ಲಿಂದ ಮೂವರನ್ನು ಫ್ರಾನ್ಸಿನ ಲಿಯೊನ್‌ಗೆ ಜಕಾರ್ಡ್ ಮಗ್ಗ ಕಲಿಯಲು ಕಳಿಸಿದರು. ಒಬ್ಬ ಮರಳುವಾಗ ಹಡಗು ಮುಳುಗಿ ಸತ್ತ. ಮಗ್ಗಗಳು ಬಂದವು, ನಿಶಿಜಿನ್ ಉಳಿಯಿತು.

ಪ್ರವಾಸಿಗಳಿಗೆ ಇಲ್ಲಿ ಮೋಸವಾಗುವುದು ಸುಲಭ. ನಿಶಿಜಿನ್ ಆಗಲಿ, ಅಕ್ಕಿ ಅಂಟಿನ ಗೆರೆ ಎಳೆದು ಬಣ್ಣ ತುಂಬುವ ಯೂಜೆನ್ ಆಗಲಿ, ಹತ್ತಾರು ಕೈ ದಾಟಿ ಮುಗಿಯುವ ಕೆಲಸ. ನಕ್ಷೆ ಬರೆಯುವವರು ಒಬ್ಬರು, ಅಂಟು ಎಳೆಯುವವರು ಒಬ್ಬರು, ಹಬೆ ಹಿಡಿಸುವವರು ಇನ್ನೊಬ್ಬರು. ಒಂದೂವರೆ ಗಂಟೆಯಲ್ಲಿ ಯೂಜೆನ್ ಕಲಿಸುತ್ತೇವೆ ಎಂದರೆ ಕೊರೆದಿಟ್ಟ ಹಾಳೆಯ ಮೇಲೆ ಕುಂಚದಿಂದ ಬಣ್ಣ ತಟ್ಟಿಸುತ್ತಾರೆ ಎಂದರ್ಥ. ಅದರಲ್ಲಿ ತಪ್ಪೇನಿಲ್ಲ, ಕಲಿತೆವು ಎಂದುಕೊಳ್ಳದಿದ್ದರೆ ಸಾಕು. ಉಗುರನ್ನು ಗರಗಸದ ಹಲ್ಲಿನಂತೆ ತೇಯ್ದುಕೊಂಡು ಅದರಿಂದಲೇ ಹೊಕ್ಕಿನ ಎಳೆ ಒತ್ತುವ ‘ತ್ಸುಜುರೆ’ ನೇಯ್ಗೆಯನ್ನು ಕಂಡವರು ಕೈ ಹಾಕುವ ಮಾತನ್ನೇ ಆಡುವುದಿಲ್ಲ. ನೋಡುತ್ತ ನಿಲ್ಲುತ್ತಾರೆ.

ನಿಜಕ್ಕೂ ಮಗ್ಗದ ಮೇಲೆ ಕೂರಬೇಕೆಂದಿದ್ದರೆ ಕ್ಯೋಟೊದ ಉತ್ತರಕ್ಕೆ ಗುಡ್ಡದ ಬದಿಯಲ್ಲಿರುವ ಕವಾಶಿಮಾ ಟೆಕ್ಸ್‌ಟೈಲ್ ಸ್ಕೂಲ್ ಇದೆ. 1973ರಲ್ಲಿ ಶುರುವಾದ ಶಾಲೆ. ವಿದೇಶಿಯರಿಗೆಂದೇ ಇಂಗ್ಲಿಷಿನಲ್ಲಿ ನೇಯ್ಗೆಯ ಪಾಠ, ಎಳೆಗಳನ್ನು ಮೊದಲೇ ಕಟ್ಟಿ ಬಣ್ಣ ಹಾಕಿ ನೇಯುವ ‘ಕಸುರಿ’ಯ ಪಾಠ ನಡೆಸುತ್ತದೆ. ಉಳಿಯಲು ವಿದ್ಯಾರ್ಥಿನಿಲಯವಿದೆ. ತರಗತಿಯಲ್ಲಿ ಜಾಗ ಕಡಿಮೆ, ಬೇಗ ತುಂಬುತ್ತದೆ. ಪಟೋಲ, ಪೋಚಂಪಲ್ಲಿ ನೋಡಿ ಬೆಳೆದವರಿಗೆ ಕಸುರಿಯ ಲೆಕ್ಕ ಬೇಗ ಹತ್ತುತ್ತದೆ, ಏಕೆಂದರೆ ತಂತ್ರ ಒಂದೇ ಕುಲದ್ದು. ಜಪಾನಿನ ಬಟ್ಟೆಯಲ್ಲಿ ನಮ್ಮ ಕರಾವಳಿಯ ನೆನಪೂ ಇದೆ. ಮದ್ರಾಸ್ ಕಡೆಯಿಂದ ಹಡಗಿನಲ್ಲಿ ಹೋದ ಗೀರುಬಟ್ಟೆಗೆ ಜಪಾನೀಯರು ‘ಸಾಂತೊಮೆ’ ಎಂದರು. ಅದು ಮೈಲಾಪುರದ ಸಾಂತೋಮ್.

ಕಸೂತಿ ಬಲ್ಲವರಿಗೆ ಒಂದು ದೂರದ ಊರು

ಹೊನ್ಶು ದ್ವೀಪದ ಉತ್ತರ ತುದಿಯ ಹಿರೊಸಾಕಿಯನ್ನು ಸಾಮಾನ್ಯ ಪ್ರವಾಸಗಳು ಬಿಟ್ಟುಬಿಡುತ್ತವೆ. ಟೋಕಿಯೊದಿಂದ ವೇಗದ ರೈಲಿನಲ್ಲಿ ಮೂರು ಗಂಟೆಗೂ ಹೆಚ್ಚು, ಅಲ್ಲಿಂದ ಇನ್ನೊಂದು ಸಣ್ಣ ರೈಲು. ಆದರೆ ಧಾರವಾಡ, ಹುಬ್ಬಳ್ಳಿ ಕಡೆಯ ಕಸೂತಿ ಬಲ್ಲ ಹೆಣ್ಣುಮಕ್ಕಳು ಜಪಾನಿಗೆ ಹೊರಟರೆ ಮೊದಲು ನೋಡಬೇಕಾದದ್ದು ಇದನ್ನೇ.

ಇಲ್ಲಿಯ ಹಳೆಯ ಹೆಸರು ತ್ಸುಗಾರು. ಚಳಿಗೆ ಹತ್ತಿ ಬೆಳೆಯದು. 1724ರಲ್ಲಿ ಸಂಸ್ಥಾನ ಹೊರಡಿಸಿದ ಮಿತವ್ಯಯದ ಆಜ್ಞೆ ರೈತರು ಹತ್ತಿ ಬಟ್ಟೆ ಉಡುವುದನ್ನೇ ತಡೆಯಿತು. ಹಿಮದ ನಾಡಿನಲ್ಲಿ ಸಡಿಲ ನೇಯ್ಗೆಯ ಸೆಣಬಿನ ಅಂಗಿ ಹಾಕಿಕೊಂಡವರು, ಆ ಬಟ್ಟೆಯ ಸಂದುಗಳನ್ನು ಬಿಳಿ ದಾರದಿಂದ ಹೊಲಿದು ತುಂಬಿದರು. ಬೆಚ್ಚಗಾಗಲೆಂದು ಮಾಡಿದ್ದು ಚಿತ್ತಾರವಾಯಿತು. ಅದೇ ‘ಕೊಗಿನ್’. ನೀಲಿ ಬಟ್ಟೆಯ ಎಳೆ ಎಣಿಸಿ ಒಂದು, ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲೇ ಸೂಜಿ ಆಡಬೇಕು. ಪಕ್ಕದ ನಾನ್ಬು ಸೀಮೆಯವರು ಸಮ ಸಂಖ್ಯೆ ಹಿಡಿದರು, ಅವರ ಹೊಲಿಗೆಗೆ ಬೇರೆ ಹೆಸರು. ಚಿತ್ತಾರಗಳ ಹೆಸರಂತೂ ಹಿತ್ತಲಿನವು: ಕಾಳು, ಬೆಕ್ಕಿನ ಕಣ್ಣು, ಸೋರೆಬುರುಡೆ, ಚಿಟ್ಟೆ.

ಗವಂತಿ, ಮುರ್ಗಿ, ನೇಗಿ, ಮೆಂತೆ ಎಂದು ಎಳೆ ಎಣಿಸಿಯೇ ತೇರು, ತೊಟ್ಟಿಲು, ತುಳಸಿಕಟ್ಟೆ ತೆಗೆದವರ ಕೈಗೆ ಇದರ ಲಯ ಪರಿಚಿತ. ನೇಗಿ ಹೊಲಿಗೆಯಂತೂ ಕೊಗಿನ್‌ನ ಹತ್ತಿರದ ನಂಟ. ವ್ಯತ್ಯಾಸ ಕಾಣುವುದು ಬಟ್ಟೆಯ ಹಿಂಭಾಗದಲ್ಲಿ. ಗವಂತಿಯಲ್ಲಿ ಎರಡೂ ಕಡೆ ಒಂದೇ ಚಿತ್ರ, ಕೊಗಿನ್‌ನಲ್ಲಿ ಹಿಂದೆ ಕಾಣುವುದು ಮುಂದಿನದರ ತಿರುಗುಮುರುಗು. ಭಾಷೆ ಬಾರದಿದ್ದರೂ ಎರಡು ಕಡೆಯವರು ಒಂದು ಮಧ್ಯಾಹ್ನ ಕೂತು ಪರಸ್ಪರ ಕಲಿಸಿಕೊಳ್ಳಬಹುದಾದಷ್ಟು ಸಮೀಪ.

ರೈಲು ಬಂದು ಅಗ್ಗದ ಹತ್ತಿ ಬಟ್ಟೆ ಸಿಕ್ಕ ಮೇಲೆ ಕೊಗಿನ್ ಮೂಲೆ ಸೇರಿತ್ತು. ಜನಪದ ಕರಕುಶಲದ ಪರ ವಾದಿಸಿದ ಯಾನಗಿ ಸೊಯೆತ್ಸು ಮತ್ತು ಸಂಗಡಿಗರ ಕಣ್ಣಿಗೆ ಬಿದ್ದು ಮತ್ತೆ ಬೆಳಕು ಕಂಡಿತು. ಹಿರೊಸಾಕಿ ಕೊಗಿನ್ ಸಂಶೋಧನಾ ಕೇಂದ್ರ ಇರುವ ಕಟ್ಟಡವೂ ನೋಡತಕ್ಕದ್ದು. ಪ್ಯಾರಿಸ್‌ನಲ್ಲಿ ಲ ಕಾರ್ಬೂಸಿಯೆ ಬಳಿ ಕೆಲಸ ಮಾಡಿ ಬಂದ ವಾಸ್ತುಶಿಲ್ಪಿ ಮಾಯೆಕಾವಾ ಕುನಿಯೊ 1932ರಲ್ಲಿ ಕಟ್ಟಿದ ಮೊದಲ ಕಟ್ಟಡ ಅದು. ಚೆರ್ರಿ ಹೂವಿನ ಕಾಲವಾದ ಏಪ್ರಿಲ್ ಕೊನೆಯಲ್ಲಿ ಈ ಊರಿಗೆ ಜನಜಾತ್ರೆ. ಸೂಜಿ ಹಿಡಿಯಲು ಹೋಗುವವರಿಗೆ ಶರತ್ಕಾಲ ಒಳ್ಳೆಯದು, ಸೇಬು ಹಣ್ಣಾಗುವ ಸಮಯವೂ ಅದೇ.

ಉಳಿದ ಕಸುಬುಗಳಿಗೂ ತಮ್ಮದೇ ಋತುಗಳಿವೆ. ನಿಈಗಾತಾದ ಹಿಮದ ಸೀಮೆಯಲ್ಲಿ ಸೆಣಬಿನಂಥ ರೇಮಿ ನಾರಿನ ಬಟ್ಟೆಯನ್ನು ಫೆಬ್ರುವರಿ, ಮಾರ್ಚ್‌ನಲ್ಲಿ ಹಿಮದ ಮೇಲೆ ಹಾಸಿ ಬಿಳುಪಾಗಿಸುತ್ತಾರೆ. 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಕಸುಬಿದು. ಮರುವರ್ಷ ಅದೇ ಪಟ್ಟಿ ಸೇರಿದ ‘ಯೂಕಿ ತ್ಸುಮುಗಿ’ ನೇಯ್ಗೆಯಲ್ಲಿ ರೇಷ್ಮೆ ಅರಳೆಯಿಂದ ಹುರಿಯಿಲ್ಲದ ನೂಲು ಎಳೆಯುವ ಹೆಂಗಸರು ಎಳೆ ಕೂಡಿಸಲು ಬಳಸುವುದು ಬಾಯಿಯ ಎಂಜಲನ್ನು. ಮಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ನೇಯುತ್ತಾರೆ. ಟೋಕಿಯೊದಿಂದ ಯೂಕಿಗೆ ಒಂದು ದಿನದಲ್ಲಿ ಹೋಗಿಬರಬಹುದು. ದಕ್ಷಿಣದ ಅಮಾಮಿ ದ್ವೀಪದಲ್ಲಿ ಮರದ ಚಕ್ಕೆಯ ಕಷಾಯದಲ್ಲಿ ಅದ್ದಿದ ರೇಷ್ಮೆ ನೂಲನ್ನು ಕಬ್ಬಿಣದಂಶವಿರುವ ಗದ್ದೆಯ ಕೆಸರಿನಲ್ಲಿ ತುಳಿದು ಕಪ್ಪಾಗಿಸುತ್ತಾರೆ, ಪ್ರವಾಸಿಗಳೂ ಕೆಸರಿಗೆ ಇಳಿಯಬಹುದು. ಒಕಿನಾವಾದ ಕಿಜೋಕಾ ಹಳ್ಳಿಯಲ್ಲಿ ಬಾಳೆಯ ಜಾತಿಯ ಗಿಡದ ನಾರಿನಿಂದ ‘ಬಾಶೋಫು’ ನೇಯ್ಗೆ. ಎರಡನೇ ಮಹಾಯುದ್ಧದ ನಂತರ ಅದನ್ನು ಬದುಕಿಸಿದ ತಾಯಿರಾ ತೊಶಿಕೊ ಅವರನ್ನು ಸರ್ಕಾರ 2000ದಲ್ಲಿ ಜೀವಂತ ರಾಷ್ಟ್ರೀಯ ನಿಧಿ ಎಂದು ಗೌರವಿಸಿತು. ಅವರು 2022ರಲ್ಲಿ ತೀರಿಕೊಂಡರು.

ರೇಷ್ಮೆ ಬೆಳೆಯುವ ರಾಮನಗರ, ಕೋಲಾರದ ಕಡೆಯವರು ಗುನ್ಮಾ ಪ್ರಾಂತದ ತೊಮಿಯೊಕಾ ರೇಷ್ಮೆ ಗಿರಣಿಗೆ ಒಂದು ದಿನ ಮೀಸಲಿಡಬಹುದು. 1872ರಲ್ಲಿ ತೆರೆದ ಇಟ್ಟಿಗೆಯ ಗಿರಣಿ, 2014ರಿಂದ ವಿಶ್ವ ಪರಂಪರೆಯ ತಾಣ. ಒಂದು ಶತಮಾನಕ್ಕೂ ಹಿಂದೆ ಜೆಮ್‌ಷೆಡ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಬೆಂಗಳೂರಿನ ಬಸವನಗುಡಿ ಬಳಿ ರೇಷ್ಮೆ ತೋಟ ಮಾಡಿಸಿದ್ದರು. ಬಡಾವಣೆಗೆ ಟಾಟಾ ಸಿಲ್ಕ್ ಫಾರ್ಮ್ ಎಂಬ ಹೆಸರು ಹಾಗೆ ಬಂದದ್ದು.

ದುಡ್ಡು ಕಟ್ಟುವ ಮೊದಲು

ಹನ್ನೆರಡು ದಿನ ಇದ್ದರೆ ಟೋಕಿಯೊ ಎರಡು ದಿನ, ಅರಿಮತ್ಸುಗೆ ಮೂರು, ಕ್ಯೋಟೊಗೆ ಮೂರು, ತೊಕುಶಿಮಾಕ್ಕೆ ಮೂರು, ಮರಳಲು ಒಂದು. ಇದು ಅವಸರವಿಲ್ಲದ ಲೆಕ್ಕ. ನಗೋಯಾದಿಂದ ಕ್ಯೋಟೊ ವೇಗದ ರೈಲಿಗೆ ಮುಕ್ಕಾಲು ಗಂಟೆಯೂ ಬೇಡ. ಕ್ಯೋಟೊದಿಂದ ತೊಕುಶಿಮಾಕ್ಕೆ ಸಮುದ್ರದ ಸೇತುವೆ ದಾಟಿ ಹೋಗುವ ಬಸ್ಸೇ ಅನುಕೂಲ. ಇಷ್ಟಕ್ಕೆ ಏಳು ದಿನದ ಜಪಾನ್ ರೈಲ್ ಪಾಸ್ ದಂಡ. 2023ರ ಅಕ್ಟೋಬರ್‌ನಲ್ಲಿ ಅದರ ದರ 29,650 ಯೆನ್‌ನಿಂದ ಒಮ್ಮೆಗೇ 50,000 ಯೆನ್‌ಗೆ ಏರಿತು. ಬಿಡಿ ಟಿಕೆಟ್ ಅಗ್ಗ ಬೀಳುತ್ತದೆ.

ಪ್ರವಾಸ ನಡೆಸುವವರಿಗೆ ನೇರವಾಗಿ ಕೇಳಬೇಕಾದ ಮಾತುಗಳಿವೆ. ಒಟ್ಟು ಎಷ್ಟು ಗಂಟೆ ಕೈಕೆಲಸ? ಕಲಿಸುವವರು ಕಸುಬಿನಿಂದಲೇ ಬದುಕುವವರೋ, ಪ್ರವಾಸಿ ಕೇಂದ್ರದ ಸಿಬ್ಬಂದಿಯೋ? ದುಭಾಷಿಗೆ ಹಾಸು, ಹೊಕ್ಕು, ಲಾಳಿ ಎಂದರೇನು ಗೊತ್ತೇ? ಕೊನೆಯ ಪ್ರಶ್ನೆ ತಮಾಷೆಯದಲ್ಲ. ದೇವಸ್ಥಾನ ತೋರಿಸುವ ಮಾರ್ಗದರ್ಶಿಗೆ ಮಗ್ಗದ ಮುಂದೆ ಮಾತು ಸೋಲುತ್ತದೆ. ದಿನಕ್ಕೆ ಮೂರು ಕಾರ್ಯಾಗಾರ ತುರುಕಿದ್ದಾರೆಯೇ ಎಂಬುದನ್ನೂ ನೋಡಬೇಕು. ಒಂದು ದಿನ ಏನೂ ಇಲ್ಲದೆ ಖಾಲಿ ಬಿಟ್ಟ ಪಟ್ಟಿ ಕಂಡರೆ ಅದನ್ನು ಮಾಡಿದವರಿಗೆ ಕಸುಬು ಗೊತ್ತಿದೆ ಎಂದು ತಿಳಿಯಬಹುದು.

ಭಾರತೀಯರಿಗೆ ವೀಸಾ ಬೇಕು. ಕೆಲವು ವಾರದ ಕಲಿಕೆಗೆ ಅಲ್ಪಾವಧಿ ಪ್ರವಾಸಿ ವೀಸಾ ಸಾಕಾಗುತ್ತದೆ. ಬೆಂಗಳೂರಿನಿಂದ ಟೋಕಿಯೊದ ನರಿತಾಗೆ ಜಪಾನ್ ಏರ್‌ಲೈನ್ಸ್‌ನ ನೇರ ವಿಮಾನವಿದೆ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗಿನ ಸಾಲುರಜೆ, ಆಗಸ್ಟ್ ನಡುವಿನ ಪಿತೃಹಬ್ಬ, ಹೊಸ ವರ್ಷ, ಈ ಮೂರು ಹೊತ್ತಿನಲ್ಲಿ ಕಾರ್ಯಾಗಾರಗಳು ಮುಚ್ಚಿರುತ್ತವೆ, ರೈಲುಗಳು ತುಂಬಿರುತ್ತವೆ. ಊರಿಂದೂರಿಗೆ ಪೆಟ್ಟಿಗೆ ಎಳೆದುಕೊಂಡು ಹೋಗಬೇಕಿಲ್ಲ. ಹೋಟೆಲಿನಲ್ಲೇ ಕೊಟ್ಟರೆ ‘ತಕ್ಯುಬಿನ್’ ಸೇವೆಯವರು ಮರುದಿನ ಮುಂದಿನ ಹೋಟೆಲಿಗೆ ಮುಟ್ಟಿಸುತ್ತಾರೆ.

ಸಸ್ಯಾಹಾರಿಗಳಿಗೆ ಕಷ್ಟ ಮೀನಿನ ತುಂಡಿನಿಂದ ಬರುವುದಿಲ್ಲ, ಸಾರಿನಿಂದ ಬರುತ್ತದೆ. ತರಕಾರಿ ಪಲ್ಯವೆಂದು ಕಾಣುವುದಕ್ಕೂ ಒಣಮೀನಿನ ‘ದಾಶಿ’ ಬಿದ್ದಿರುತ್ತದೆ. ದೊಡ್ಡ ನಗರಗಳಲ್ಲಿ ದಾರಿ ಉಂಟು, ಬೌದ್ಧ ಮಠಗಳ ‘ಶೋಜಿನ್’ ಊಟ ಶುದ್ಧ ಸಸ್ಯಾಹಾರ. ಹಳ್ಳಿಯ ಕಾರ್ಯಾಗಾರದಲ್ಲಿ ಹುಳಿ ಪ್ಲಮ್ ಇಟ್ಟ ಅನ್ನದ ಉಂಡೆಯೇ ಗತಿ. ಚಟ್ನಿಪುಡಿ, ಹುರಿದ ಅವಲಕ್ಕಿ ಜೊತೆಗಿದ್ದರೆ ಬದುಕು ಸಲೀಸು. ಹಸಿ ಕರಿಬೇವು, ಹಣ್ಣು ಮಾತ್ರ ಕಟ್ಟಿಕೊಂಡು ಹೋಗಬಾರದು. ವಿಮಾನ ನಿಲ್ದಾಣದ ಸಸ್ಯ ತಪಾಸಣೆಯಲ್ಲಿ ಕಿತ್ತುಕೊಳ್ಳುತ್ತಾರೆ.

ಕಾರ್ಯಾಗಾರದ ಬಾಗಿಲಲ್ಲಿ ಚಪ್ಪಲಿ ಬಿಡುವುದು ನಮಗೆ ಹೇಳಿಕೊಡಬೇಕಾದ ಮಾತಲ್ಲ. ಹೊತ್ತಿಗೆ ಸರಿಯಾಗಿ ಹೋಗುವುದನ್ನು ಮಾತ್ರ ಹೇಳಿಕೊಡಬೇಕು, ಹತ್ತು ನಿಮಿಷ ತಡವಾದರೂ ಅಲ್ಲಿ ಅದು ಅವಮಾನ. ಚೌಕಾಸಿ ಇಲ್ಲ. ನಕ್ಷೆಯ ಹಾಳೆ, ಕೊರೆದ ಅಚ್ಚು ಇವುಗಳ ಫೋಟೊ ತೆಗೆಯುವ ಮೊದಲು ಕೇಳಲೇಬೇಕು. ಅದು ಆ ಮನೆಯ ಅನ್ನ. ಕೈಯಲ್ಲಿ ಒಂದು ಸಣ್ಣ ಉಡುಗೊರೆ ಹಿಡಿದು ಹೋಗುವುದು ಅಲ್ಲಿಯ ಪದ್ಧತಿ, ಕಸೂತಿ ಹಾಕಿದ ಕರವಸ್ತ್ರವಿದ್ದರೆ ಮಾತು ತಾನೇ ಶುರುವಾಗುತ್ತದೆ. ಮಂಡಿನೋವು ಇದ್ದವರು ಮೊದಲೇ ತಿಳಿಸಿದರೆ ಕುರ್ಚಿ ಸಿಗುತ್ತದೆ. ನೀಲಿ ಬಾನಿಯ ದಿನ ಕಪ್ಪು ಬಟ್ಟೆ, ಕೈಗವಸು. ಗವಸು ಬೇಡವೆಂದವರ ಉಗುರು ವಾರಗಟ್ಟಲೆ ನೀಲಿಯಾಗಿರುತ್ತದೆ.

ಕೊನೆಗೆ ಕೊಳ್ಳುವ ವಿಚಾರ. ಟೋಕಿಯೊದ ಅಓಯಾಮಾ ಸ್ಕ್ವೇರ್‌ನಲ್ಲಿ ಸರ್ಕಾರ ಗುರುತಿಸಿದ ಸಾಂಪ್ರದಾಯಿಕ ಕರಕುಶಲ ವಸ್ತುಗಳು ಒಂದೇ ಕಡೆ ಸಿಗುತ್ತವೆ. 1974ರ ಕಾನೂನಿನ ಪ್ರಕಾರ ಕೊಡುವ ಮುದ್ರೆ ಇದೆಯೇ ಎಂದು ನೋಡಬೇಕು. ಕಿಸೆ ಹಗುರ ಇದ್ದವರಿಗೆ ಕ್ಯೋಟೊದ ಸಂತೆಗಳು ಸ್ವರ್ಗ: ಪ್ರತಿ ತಿಂಗಳು 21ರಂದು ತೋಜಿ ದೇವಾಲಯದಲ್ಲಿ, 25ರಂದು ಕಿತಾನೊ ತೆಮ್ಮಾಂಗು ಆವರಣದಲ್ಲಿ ಹಳೆಯ ಕಿಮೊನೊಗಳ ರಾಶಿಯೇ ಬಿದ್ದಿರುತ್ತದೆ. ಹೊಸ ಬಟ್ಟೆಯನ್ನು ಅಲ್ಲಿ ಮೀಟರಿಗಿಂತ ಹೆಚ್ಚಾಗಿ ‘ತಾನ್’ ಲೆಕ್ಕದಲ್ಲಿ ಮಾರುತ್ತಾರೆ. ಒಂದು ತಾನ್ ಎಂದರೆ ಒಂದು ಕಿಮೊನೊಗೆ ಸಾಕಾಗುವ ಸುರುಳಿ, ಉದ್ದ ಸುಮಾರು 12 ಮೀಟರ್, ಅಗಲ 36ರಿಂದ 38 ಸೆಂಟಿಮೀಟರ್ ಅಷ್ಟೇ. ಇದರಲ್ಲಿ ಕುರ್ತಾ ಹೊಲಿಸಿದರೆ ಎದೆಯ ನಡುವೆ ಜೋಡಣೆ ಬರುತ್ತದೆ, ಸೀರೆಯಂತೂ ಆಗುವುದಿಲ್ಲ. ಕೊಳ್ಳುವ ಮೊದಲು ಊರಿನ ದರ್ಜಿಗೆ ಒಂದು ಫೋನ್ ಮಾಡಿ. ಜಪಾನಿನಲ್ಲಿ ಗಡಿಯಾರ ಮೂರೂವರೆ ಗಂಟೆ ಮುಂದಿರುತ್ತದೆ, ಅಲ್ಲಿಯ ಮಧ್ಯಾಹ್ನ ಎರಡಕ್ಕೆ ಇಲ್ಲಿ ಅಂಗಡಿ ತೆರೆದಿರುತ್ತದೆ.